ಮಾಲ್ಟಾದವರು ಯಾರು, ಅಟ್ಲಾಸ್ ಯಾರ ಹತ್ತಿರ

ರಮೇಶ ಚಿಕ್ಕಪ್ಪ (ಫಾರ್ವರ್ಡ್): ಮಾಲ್ಟಾ ದ್ವೀಪದವರದು 3000 ವರ್ಷದಿಂದ ಶುದ್ಧ ಫಿನಿಷಿಯನ್ ರಕ್ತ! ಯಾರು ಆಳಿದರೂ ಭಾಷೆ ಬಿಡಲಿಲ್ಲ. ನಾವು?? ಹತ್ತು ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ಕೇಳ್ರೋ ಮಕ್ಕಳೇ. ನಮ್ಮ ಮೊಮ್ಮಕ್ಕಳಿಗೆ ಒತ್ತಕ್ಷರ ಬರೆಯೋಕೆ ಬರಲ್ಲ.

ಸೌಮ್ಯ: ಚಿಕ್ಕಪ್ಪ, ಇದು ಎಲ್ಲಿಂದ ಬಂತು? ಅವರ ಭಾಷೆ ಮಾಲ್ಟೀಸ್ ಫಿನಿಷಿಯನ್ ಅಲ್ಲ, ಇಟಲಿ ಪಕ್ಕದ ಸಿಸಿಲಿ ದ್ವೀಪದಲ್ಲಿ ಆಡುತ್ತಿದ್ದ ಅರಬ್ಬಿಯ ಕವಲು. ಫಿನಿಷಿಯನ್ನರು, ಅಂದ್ರೆ ಈಗಿನ ಲೆಬನಾನ್ ಕಡೆಯ ಪ್ರಾಚೀನ ಕಡಲ ವ್ಯಾಪಾರಿಗಳು, ಅಲ್ಲಿದ್ದದ್ದು ನಿಜ. ಅವರ ಲಿಪಿ ಓದೋಕೆ ದಾರಿಯಾದದ್ದೇ ಮಾಲ್ಟಾದ ಗ್ರೀಕ್-ಫಿನಿಷಿಯನ್ ಜೋಡಿ ಶಾಸನ, 1758ರಲ್ಲಿ. ಆದರೆ ಈಗಿನ ಭಾಷೆ 870ರಲ್ಲಿ ಅರಬ್ಬರು ದ್ವೀಪ ಹಿಡಿದ ಮೇಲಿನದು.

ರಮೇಶ ಚಿಕ್ಕಪ್ಪ: ಅವರು ಕ್ಯಾಥೊಲಿಕ್ಕರು ಕಣಮ್ಮ.

ಸೌಮ್ಯ: ಆ ಕ್ಯಾಥೊಲಿಕ್ಕರೇ ದೇವರಿಗೆ 'ಅಲ್ಲಾ' ಅನ್ನೋದು, ಈಸ್ಟರ್ ಮುಂಚಿನ ಉಪವಾಸದ ದಿನಗಳಿಗೆ 'ರಂದಾನ್' ಅನ್ನೋದು.

ರಮೇಶ ಚಿಕ್ಕಪ್ಪ: ನಾವೂ ತಾಲೂಕು, ವಕೀಲ, ಖಾಲಿ ಅಂತೀವಿ. ಹಾಗಂತ ಅರಬ್ಬರಾ?

ಸೌಮ್ಯ: ನಾವು ಪದ ತಂದು 'ವಕೀಲರು' ಅಂತ ನಮ್ಮ ಬಾಲ ಅಂಟಿಸಿದ್ವಿ. ಅಲ್ಲಿ ಉಲ್ಟಾ. 'ಕ್ತಿಯೆಬ್' ಅಂದ್ರೆ ಪುಸ್ತಕ, ನಮ್ಮ ಕಿತಾಬೇ. ಬಹುವಚನ 'ಕೊತ್ಬಾ'. ಸರಿ, ಅದು ಅರಬ್ಬಿ ಪದ. ಆದರೆ 'ಸ್ಕೋಲಾ', ಶಾಲೆ, ಇಟಲಿ ಕಡೆಯದು. ಅದರ ಬಹುವಚನವೂ 'ಸ್ಕೆಯ್ಯೆಲ್'! ಪದದ ಹೊಟ್ಟೆಯೊಳಗೇ ಸ್ವರ ಬದಲಾಯ್ತು ನೋಡಿ, ಅದು ಅರಬ್ಬಿ ವ್ಯಾಕರಣ. ನಿಘಂಟಿನ ಅರ್ಧದಷ್ಟು ಸಿಸಿಲಿ-ಇಟಲಿಯದು, ಬೆನ್ನುಮೂಳೆ ಅರಬ್ಬಿ.

ಗಿರಿ: ಮಾಲ್ಟಾ ಅಂದ್ರೆ ದೊಡ್ಡಪ್ಪನ ಹಳೇ ಅಟ್ಲಾಸಲ್ಲಿ ಸಿಸಿಲಿ ಕೆಳಗೆ ಒಂದು ಚುಕ್ಕಿ. ನೊಣ ಹೇಸಿಗೆ ಅಂತ ಉಗುರಲ್ಲಿ ಕೆರೆದಿದ್ವಿ 😂

ದೊಡ್ಡಪ್ಪ: ಆ ಅಟ್ಲಾಸ್ ಈಗ ಎಲ್ಲಿದೆ ಅಂತ ಯಾರಾದ್ರೂ ಹೇಳ್ತೀರಾ?

ರಮೇಶ ಚಿಕ್ಕಪ್ಪ: ರಕ್ತದ ಮಾತಿಗೆ ಉತ್ತರ ಬರಲಿಲ್ಲ.

ವಿನಯ: ರಕ್ತದ ಲೆಕ್ಕ ಕೇಳಿ ಚಿಕ್ಕಪ್ಪ. 1241ರ ಸುಮಾರಿಗೆ ಗಿಲಿಬರ್ಟೊ ಅಬ್ಬಾತೆ ಅನ್ನೋ ಅಧಿಕಾರಿ ಸಿಸಿಲಿಯ ರಾಜನಿಗೆ ಕೊಟ್ಟ ವರದಿಯಲ್ಲಿ ಮಾಲ್ಟಾದ ಮುಸ್ಲಿಂ ಕುಟುಂಬ 681, ಕ್ರೈಸ್ತರದು 47. ಪಕ್ಕದ ಪುಟ್ಟ ಗೋಜೊದಲ್ಲಿ ಮಾತ್ರ ಕ್ರೈಸ್ತರು 203. ತಾಳೆಯಾಗಲ್ಲ. ನಕಲು ಮಾಡಿದವನು ಸಾವಿರ ನುಂಗಿದ್ದಾನೆ, ಅದು 1047 ಇರಬೇಕು ಅಂತ ಕೆಲವು ಇತಿಹಾಸಕಾರರ ವಾದ. ಓದದೇ ಮುಂದಕ್ಕೆ ತಳ್ಳೋದು ಆಗಲೂ ಇತ್ತು.

ರಮೇಶ ಚಿಕ್ಕಪ್ಪ: ಇದು ನನಗಾ?

ವಿನಯ: ನಕಲುಗಾರನಿಗೆ. ಆಮೇಲೆ ಸಿಸಿಲಿಯಿಂದ ಜನ ಬರುತ್ತಲೇ ಇದ್ದರು. 1551ರಲ್ಲಿ ತುರ್ಕರ ಕಡೆಯ ಕಡಲ್ಗಳ್ಳ ದ್ರಾಗುತ್ ಗೋಜೊ ಮೇಲೆ ಬಿದ್ದು ಸುಮಾರು 5000 ಜನರನ್ನು ಗುಲಾಮರಾಗಿ ಹೊತ್ತೊಯ್ದ, ದ್ವೀಪ ಹೆಚ್ಚುಕಡಿಮೆ ಬರಿದಾಯ್ತು, ಮತ್ತೆ ತುಂಬಿಸಬೇಕಾಯ್ತು. ಶುದ್ಧ ಉಳಿಯೋಕೆ ಪುರುಸೊತ್ತೆಲ್ಲಿ?

ಸೌಮ್ಯ: ಈ ಫಾರ್ವರ್ಡಿಗೂ ನೂರು ವರ್ಷ ಆಗಿದೆ. ಬ್ರಿಟಿಷರ ಕಾಲದಲ್ಲಿ 'ನಾವು ಇಟಲಿಯವರು' ಅನ್ನೋ ಪಕ್ಷದ ವಿರುದ್ಧ ಬ್ರಿಟಿಷರ ಪರವಿದ್ದ ಮಾಲ್ಟಾದ ರಾಜಕಾರಣಿ ಜೆರಾಲ್ಡ್ ಸ್ಟ್ರಿಕ್‌ಲೆಂಡ್ ಹಿಡಿದ ಆಯುಧವೇ ಈ ಫಿನಿಷಿಯನ್ ಕಥೆ. 'ಅರಬ್ಬರು' ಅನ್ನೋಕೂ ಮನಸ್ಸಿಲ್ಲ, 'ಇಟಲಿ' ಅನ್ನೋಕೂ ಆಗಲ್ಲ. 1934ರಲ್ಲಿ ಇಟಾಲಿಯನ್ ಆಡಳಿತ ಭಾಷೆಯ ಪಟ್ಟ ಕಳಕೊಂಡಿತು, ಮಾಲ್ಟೀಸ್ ಏರಿತು.

ದೊಡ್ಡಪ್ಪ: ಹಿರಿಯರು ಕಳಿಸಿದ್ದಕ್ಕೆ ಹೀಗೆ ಗುಂಪಲ್ಲಿ ಎದುರಾಡಬಾರದು ಸೌಮ್ಯಾ. ಖಾಸಗಿಯಾಗಿ ಹೇಳು.

ಗಿರಿ: ಹೋದ ತಿಂಗಳು ನನ್ನ ಫಾರ್ವರ್ಡಿಗೆ ಗುಂಪಲ್ಲೇ ಬೈದಿದ್ರಲ್ಲ ದೊಡ್ಡಪ್ಪ?

ದೊಡ್ಡಪ್ಪ: ನೀನು ಹಿರಿಯನಾ?

ರಮೇಶ ಚಿಕ್ಕಪ್ಪ: ಅಣ್ಣ, ಅಟ್ಲಾಸ್ ನನ್ನ ಹತ್ತಿರ ಇದೆ. ಮಾಲ್ಟಾ ಇರೋ ಹಾಳೆ ಮಾತ್ರ ಹರಿದಿದೆ.