ಬ್ರೆಜಿಲ್ ಮಹಿಳಾ ವಿಶ್ವಕಪ್ 2027: ಬಳ್ಳಾರಿ, ರಾಯಚೂರು ಕಡೆಯಿಂದ ಹೋಗೋರ ಪ್ರಶ್ನೆಗಳು

ಪ್ರಶ್ನೆ (ಬಳ್ಳಾರಿ): ನಮಸ್ಕಾರ್ರಿ ಸರ. ಮಹಿಳಾ ಫುಟ್‌ಬಾಲ್ ವಿಶ್ವಕಪ್ ನೋಡಾಕ ನಾಲ್ಕು ಮಂದಿ ಬ್ರೆಜಿಲ್‌ಗೆ ಹೋಗಬೇಕಂತ ಮಾಡೀವಿ. ಕೈಯಾಗ ಹನ್ನೆರಡು ದಿನ ಅದಾವು. ಎಂಟು ಊರಾಗ ಮ್ಯಾಚ್ ಅದಾವಂತ, ಎಷ್ಟು ಊರು ಹಾಕ್ಕೋಬೇಕ್ರಿ?

ಉತ್ತರ (ಟ್ರಾವೆಲ್ ಏಜೆಂಟ್): ನಮಸ್ಕಾರ ರೀ. ಎರಡು ಊರು ಸಾಕು, ಮೂರನೇದು ಬೇಡ. ಟೂರ್ನಿ ಜೂನ್ 24ರಿಂದ ಜುಲೈ 25ರವರೆಗೆ, 32 ತಂಡ. ಪಂದ್ಯ ನಡೆಯೋದು ರಿಯೊ ಡಿ ಜನೈರೊ, ಸಾವೊ ಪಾಲೊ, ಬೆಲೊ ಹೊರಿಜಾಂಟೆ, ಬ್ರೆಸಿಲಿಯಾ, ಪೋರ್ಟೊ ಅಲೆಗ್ರೆ, ಸಾಲ್ವಡಾರ್, ರೆಸಿಫೆ, ಫೋರ್ಟಲೇಜಾದಲ್ಲಿ. ಪೋರ್ಟೊ ಅಲೆಗ್ರೆಯಿಂದ ಫೋರ್ಟಲೇಜಾಕ್ಕೆ ನೇರ ಗೆರೆ ಎಳೆದರೂ 3,000 ಕಿ.ಮೀ. ದಾಟುತ್ತದೆ, ಶ್ರೀನಗರದಿಂದ ಕನ್ಯಾಕುಮಾರಿಗಿಂತ ಹೆಚ್ಚು. ಒಂದು ತಂಡದ ಬೆನ್ನು ಹತ್ತಿ ಊರೂರು ತಿರುಗಿದರೆ ದುಡ್ಡೆಲ್ಲ ಒಳನಾಡಿನ ವಿಮಾನಕ್ಕೇ ಹೋಗುತ್ತದೆ. ಆ ತಂಡ ಗುಂಪು ಹಂತದಲ್ಲೇ ಸೋತರೆ ಮುಂದಿನ ರೂಮು, ಟಿಕೆಟ್ ಎಲ್ಲಾ ದಂಡ. ಊರು ಆರಿಸಿ, ಅಲ್ಲಿಗೆ ಬರುವ ತಂಡಗಳನ್ನು ನೋಡಿ. ಮೊದಲ ಸಲ ಹೋಗುವವರಿಗೆ ಸಾವೊ ಪಾಲೊ ಮತ್ತು ರಿಯೊ ಜೋಡಿಯೇ ಸೈ. ರಸ್ತೆಯಲ್ಲಿ ಸುಮಾರು 430 ಕಿ.ಮೀ., ಬಸ್ಸಿಗೆ ಆರು ತಾಸು, ವಿಮಾನಕ್ಕೆ ಒಂದು ತಾಸು.

ಒಂದು ಕಡೆ ಮಾತ್ರ ಎಚ್ಚರ. ನಿಮ್ಮ ಅಂತರರಾಷ್ಟ್ರೀಯ ವಿಮಾನ ಇಳಿಯುವುದು ಸಾವೊ ಪಾಲೊದ ಗ್ವಾರುಲ್ಯೋಸ್ ನಿಲ್ದಾಣದಲ್ಲಿ. ರಿಯೊಗೆ ಅಗ್ಗದ ಟಿಕೆಟ್ ಹುಡುಕಿದರೆ ಹಲವು ಸಲ ಅದು ಕಾಂಗೋನ್ಯಾಸ್ ನಿಲ್ದಾಣದಿಂದ ಹೊರಡುತ್ತದೆ. ಎರಡೂ ಸಾವೊ ಪಾಲೊದವೇ, ಆದರೆ ನಡುವೆ ಇಡೀ ಊರಿನ ಟ್ರಾಫಿಕ್ ಇದೆ. ಟಿಕೆಟ್ ಬೇರೆ ಬೇರೆ ಬುಕ್ ಮಾಡಿದ್ದರೆ ವಿಮಾನ ತಪ್ಪಿದ್ದಕ್ಕೆ ಯಾರೂ ಹೊಣೆಯಲ್ಲ. ಬುಕ್ ಮಾಡುವಾಗ ಊರಿನ ಹೆಸರು ಬಿಟ್ಟು ನಿಲ್ದಾಣದ ಹೆಸರು ಓದಿ.

ಪ್ರಶ್ನೆ (ಸಿಂಧನೂರು): ರೂಮು ಸ್ಟೇಡಿಯಂ ಹತ್ರಾನ ಹಿಡೀಬೇಕೇನ್ರಿ ಅಣ್ಣಾ?

ಉತ್ತರ (ಟ್ರಾವೆಲ್ ಏಜೆಂಟ್): ಬೇಡ್ರಿ. ಮೆಟ್ರೋ ಹತ್ತಿರ ಹಿಡೀರಿ. ಸಾವೊ ಪಾಲೊದ ಸ್ಟೇಡಿಯಂ ಊರಿನ ಪೂರ್ವದ ತುದಿ ಇಟಕೇರಾದಲ್ಲಿದೆ, ಕೆಂಪು ಲೈನಿನ (3ನೇ ಲೈನ್) ಕೊನೆಯ ನಿಲ್ದಾಣ. ಊರ ನಡುವಿನಿಂದ ಮೆಟ್ರೋದಲ್ಲಿ ಅರ್ಧ ತಾಸಿನ ಮೇಲೆ ಸ್ವಲ್ಪ. ಪೌಲಿಸ್ಟಾ ರಸ್ತೆ ಸುತ್ತ ಉಳಿದರೆ ಲೈನ್ ಬದಲಿಸಬೇಕು, ಆದರೆ ರಾತ್ರಿ ಊಟ, ಓಡಾಟಕ್ಕೆ ಅದೇ ಅನುಕೂಲ. ರಿಯೊದ ಮರಕಾನಾ ಸ್ಟೇಡಿಯಂಗೆ ಅದೇ ಹೆಸರಿನ ಮೆಟ್ರೋ ನಿಲ್ದಾಣವಿದೆ, ಸೇತುವೆ ದಾಟಿದರೆ ಗೇಟು. ಬೊಟಾಫೋಗೊ ಅಥವಾ ಕೋಪಕಬಾನಾದಲ್ಲಿ ಉಳೀರಿ. ಸಾಲ್ವಡಾರ್‌ನ ಸ್ಟೇಡಿಯಂಗೂ ಮೆಟ್ರೋ ಇಳಿದು ನಡೆಯಬಹುದು. ಎಡವಟ್ಟು ಆಗೋದು ರೆಸಿಫೆಯಲ್ಲಿ. ಸ್ಟೇಡಿಯಂ ಪಕ್ಕದ ಊರಲ್ಲಿದೆ, ಮೆಟ್ರೋ ಇಳಿದು ಮತ್ತೆ ಬಸ್ ಹತ್ತಬೇಕು. ಜೂನ್, ಜುಲೈ ಅಲ್ಲಿ ಮಳೆಗಾಲ ಬೇರೆ. ಬೆಲೊ ಹೊರಿಜಾಂಟೆಯ ಮಿನೆರಾವೊ ಸ್ಟೇಡಿಯಂಗೆ ಮೆಟ್ರೋನೇ ಇಲ್ಲ, ಬಸ್ಸೇ ಗತಿ.

ಪ್ರಶ್ನೆ (ರಾಯಚೂರು): ಡಾಕ್ಟರ್ ಮೇಡಂ, ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ ಅಂತಾರ. ಇಲ್ಲೇ ಯಾವುದರ ಕ್ಲಿನಿಕ್‌ನಾಗ ಹಾಕಿಸಿದ್ರ ನಡೀತದೇನ್ರಿ?

ಉತ್ತರ (ಡಾಕ್ಟರ್): ನಡೆಯೋದಿಲ್ಲ. ಕೇಂದ್ರ ಸರ್ಕಾರ ಅನುಮತಿ ಕೊಟ್ಟ ಕೇಂದ್ರದಲ್ಲಿ ಹಾಕಿಸಿ, ಸಹಿ, ಮೊಹರು ಇರುವ ಹಳದಿ ಪುಸ್ತಕ (ಲಸಿಕೆಯ ಪ್ರಮಾಣಪತ್ರ) ತಗೊಂಡರೆ ಮಾತ್ರ ಲೆಕ್ಕ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ಹಾಕುತ್ತಾರೆ. ಲಸಿಕೆಯ ಒಂದು ಸಣ್ಣ ಬಾಟಲಿಯಲ್ಲಿ ಹಲವು ಡೋಸ್ ಇರುತ್ತವೆ, ಒಡೆದ ಮೇಲೆ ಕೆಲವೇ ತಾಸಿನಲ್ಲಿ ಮುಗಿಸಬೇಕು. ಅದಕ್ಕೇ ಗೊತ್ತಾದ ದಿನ ಜನ ಕೂಡಿಸಿ ಹಾಕುತ್ತಾರೆ. ಮೊದಲೇ ದಿನ ಕೇಳಿಕೊಂಡು ಹೋಗಿ.

ಈ ಲಸಿಕೆಯ ಪುಸ್ತಕ ನಿಜವಾಗಿ ಬೇಕಾಗುವುದು ವಾಪಸು ಬರುವಾಗ. ಬ್ರೆಜಿಲ್‌ನಿಂದ ಬಂದವರ ಬಳಿ ಪುಸ್ತಕ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಈ ಸೊಳ್ಳೆ ಕಾಯಿಲೆ ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ. ಹರಡುವ ಈಡಿಸ್ ಸೊಳ್ಳೆ ಮಾತ್ರ ನಮ್ಮಲ್ಲಿ ಬೇಕಾದಷ್ಟಿದೆ, ಹಾಗಾಗಿ ಇಷ್ಟು ಬಿಗಿ. ಪುಸ್ತಕ ಊರ್ಜಿತವಾಗುವುದು ಹಾಕಿಸಿದ 10 ದಿನದ ನಂತರ, ಆಮೇಲೆ ಜೀವನ ಪೂರ್ತಿ. ಪಾಸ್‌ಪೋರ್ಟ್ ನಂಬರ್ ಅದರಲ್ಲಿ ಬರೆಯುತ್ತಾರೆ. ಪಾಸ್‌ಪೋರ್ಟ್ ಹೊಸದು ಮಾಡಿಸುವುದಿದ್ದರೆ ಅದು ಕೈಗೆ ಬಂದ ಮೇಲೇ ಲಸಿಕೆಗೆ ಹೋಗಿ.

ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವವರು, 60 ದಾಟಿದವರು ಮೊದಲು ತಮ್ಮ ವೈದ್ಯರನ್ನು ಕಾಣಲೇಬೇಕು. ಮನೆಯ ಹಿರಿಯರನ್ನು ಕರೆದೊಯ್ಯುವ ಆಸೆ ಇದ್ದರೆ ವಿಮಾನದ ಟಿಕೆಟ್‌ಗೂ ಮುಂಚೆ ಈ ವಿಚಾರ ಇತ್ಯರ್ಥ ಮಾಡಿಕೊಳ್ಳಿ.

ಪ್ರಶ್ನೆ (ಗಂಗಾವತಿ): ಯಾವ ಕಡೆಯಿಂದ ವಿಮಾನ ಹತ್ತೋದು ಒಳ್ಳೇದ್ರಿ? ಪಾಸ್‌ಪೋರ್ಟ್‌ನಾಗ ನನಗ ಸರ್‌ನೇಮ್ ಇಲ್ಲ, ಬರೇ ಹೆಸರು ಅದ.

ಉತ್ತರ (ಟ್ರಾವೆಲ್ ಏಜೆಂಟ್): ದುಬೈ ಅಥವಾ ದೋಹಾ ಮೇಲಿಂದ ಸಾವೊ ಪಾಲೊ ದಾರಿ ಸಲೀಸು. ಅಮೆರಿಕದ ಮೇಲೆ ಹೋದರೆ ಬರೀ ವಿಮಾನ ಬದಲಿಸೋಕೂ ಅವರ ವೀಸಾ ಬೇಕು, ಅದು ಬೇಡ. ರಾಯಚೂರಿನವರಿಗೆ ಹೈದರಾಬಾದಿನ ಶಂಸಾಬಾದ್ ವಿಮಾನ ನಿಲ್ದಾಣ ಅನುಕೂಲ, ಮೆಹಬೂಬ್‌ನಗರದ ಮೇಲೆ ಹೋದರೆ ಹೈದರಾಬಾದ್ ಊರೊಳಗೆ ಹೊಗುವ ಕೆಲಸವೇ ಇಲ್ಲ. ಹೆಸರಿನ ವಿಷಯ ನಮ್ಮ ಕಡೆ ಬಹಳ ಬರುತ್ತದೆ. ಬ್ರೆಜಿಲ್ ವೀಸಾ ಅರ್ಜಿ, ವಿಮಾನ, ಮ್ಯಾಚ್ ಟಿಕೆಟ್ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹೆಸರು ಇರಲಿ. ಆಧಾರ್‌ನಲ್ಲಿರುವ ಇನಿಷಿಯಲ್ ತಂದು ಸೇರಿಸಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ ವಿಸಿಟ್ ವೀಸಾ ತೊಡಕು, ಆದ್ದರಿಂದ ದುಬೈಯಲ್ಲಿ ಎರಡು ದಿನ ಇಳಿಯುವ ಯೋಚನೆ ಬಿಡಿ. ಸಮಯ ಇದ್ದರೆ ಈಗಲೇ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರು ಮಾಡಿಸುವುದು ಒಳ್ಳೆಯದು.

ಪ್ರಶ್ನೆ (ಬಳ್ಳಾರಿ): ನಾವು ಪಕ್ಕಾ ಸಸ್ಯಾಹಾರಿ. ಬಟ್ಟೆ, ಚಾರ್ಜರ್ ಏನು ಒಯ್ಯಬೇಕ್ರಿ?

ಉತ್ತರ (ಟ್ರಾವೆಲ್ ಏಜೆಂಟ್): ತೂಕದ ಲೆಕ್ಕದಲ್ಲಿ ಊಟ ಕೊಡುವ 'ಪೋರ್ ಕಿಲೊ' ಹೋಟೆಲ್ ಹುಡುಕಿ, ಕಣ್ಣಿಗೆ ಕಂಡಿದ್ದನ್ನೇ ಬಡಿಸಿಕೊಳ್ಳಬಹುದು. ಅನ್ನ, ಪಲ್ಯ ಸಿಗುತ್ತದೆ. ಅವರ ಫೀಜಾವ್ (ಹುರುಳಿಕಾಯಿ ಬೀಜದ ಸಾರು) ಮತ್ತು ಫರೋಫಾದಲ್ಲಿ (ಹುರಿದ ಮರಗೆಣಸಿನ ಪುಡಿ) ಹಂದಿಮಾಂಸ ಹಾಕುವುದುಂಟು, ಕೇಳದೆ ತಿನ್ನಬೇಡಿ. 'ಸೆಂ ಕಾರ್ನೆ' (ಮಾಂಸ ಇಲ್ಲದೆ) ಅಂತ ಕೇಳಿದರೆ ದನದ ಮಾಂಸ ಬೇಡ ಅಂತಷ್ಟೇ ತಿಳಿದು ಕೋಳಿ ತಂದಿಡಬಹುದು, ಕೋಳಿ, ಮೀನು ಎರಡನ್ನೂ ಹೆಸರು ಹಿಡಿದು ಬೇಡ ಅನ್ನಿ. ಅಲ್ಲಿ ಆಗ ಚಳಿಗಾಲ, ಸಾವೊ ಪಾಲೊ ರಾತ್ರಿ ಪಂದ್ಯಕ್ಕೆ ಸ್ವೆಟರ್ ಬೇಕು, ರಿಯೊಗೆ ತೆಳು ಜಾಕೆಟ್ ಸಾಕು. ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಇಲ್ಲೇ ಆನ್ ಮಾಡಿ ಹೋಗಿ. ತೆಳುವಾದ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಕೂಡುತ್ತದೆ, ದಪ್ಪ ಮೂರು ಪಿನ್ನು ಕೂಡೋದಿಲ್ಲ. ರಿಯೊ, ಸಾವೊ ಪಾಲೊದಲ್ಲಿ ಕರೆಂಟು 127 ವೋಲ್ಟ್, ಹಾಗಾಗಿ ಅನ್ನ ಮಾಡೋಕೆ ಇಲ್ಲಿನ ಎಲೆಕ್ಟ್ರಿಕ್ ಕುಕ್ಕರ್ ಒಯ್ದರೆ ಅದು ಸರಿಯಾಗಿ ಕಾಯುವುದೇ ಇಲ್ಲ.