ಸಹಾಯ ಬೇಕು: 1938ರ ಪುಸ್ತಕವನ್ನು ವಿಕಿಸೋರ್ಸ್‌ಗೆ ಸೇರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು. ಶಿರಾ ಕಡೆಯ ಕೆರೆಗಳ ಬಗ್ಗೆ ಅಲ್ಲಿನ ಮೇಷ್ಟ್ರೊಬ್ಬರು ಬರೆದ ಪುಸ್ತಕ ಸಿಕ್ಕಿದೆ. 1938ರಲ್ಲಿ ಅಚ್ಚಾಗಿದ್ದು. ಯಾವ ತೂಬಿನ ನೀರು ಯಾವ ಗದ್ದೆಬಯಲಿಗೆ, ಕೋಡಿ ಹರಿದರೆ ಮುಂದೆ ಯಾವ ಕೆರೆ ಅನ್ನೋದೆಲ್ಲ ಅದರಲ್ಲಿದೆ. ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ. ಸ್ಕ್ಯಾನ್ ಮಾಡಿ ಕನ್ನಡ ವಿಕಿಸೋರ್ಸ್‌ಗೆ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಆನ್‌ಲೈನ್ ಗ್ರಂಥಾಲಯ) ಸೇರಿಸಬೇಕು ಅಂತ ತುಂಬಾ ಆಸೆ.

ಮೇಷ್ಟ್ರು ತೀರಿಕೊಂಡಿದ್ದು 1962ರಲ್ಲಿ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ. ಅಂದರೆ 2023ರ ಜನವರಿ 1ಕ್ಕೇ ಮುಕ್ತ ಆಯಿತು, ಅಲ್ವಾ? ಆದರೆ ಸ್ಕ್ಯಾನ್ ಹಾಕಲು ಹೋದರೆ ವಿಕಿಮೀಡಿಯಾ ಕಾಮನ್ಸ್‌ನ (ವಿಕಿ ತಾಣಗಳು ಚಿತ್ರ, ಸ್ಕ್ಯಾನ್‌ಗಳನ್ನು ಇಡುವ ಭಂಡಾರ) ನಿಯಮ ಅಡ್ಡ ಬಂತು. ಅಮೆರಿಕದಲ್ಲೂ ಮುಕ್ತವಾಗಿರಬೇಕಂತೆ. 1996ರ ಜನವರಿ 1ಕ್ಕೆ ಇಲ್ಲಿ ಹಕ್ಕು ಉಳಿದಿದ್ದ ಇಂಥ ಪುಸ್ತಕಕ್ಕೆ ಅಮೆರಿಕದಲ್ಲಿ ಹಕ್ಕು ಇರೋದು ಪುಸ್ತಕ ಪ್ರಕಟವಾದ ಮೇಲೆ 95 ವರ್ಷ. 2034ರವರೆಗೆ ಕಾಯಬೇಕು! ನಮ್ಮ ಕೆರೆಗಳ ಪುಸ್ತಕಕ್ಕೆ ಬೇರೆ ದೇಶದ ಕಾನೂನು ಅಡ್ಡ ಬರೋದು ನನಗಂತೂ ಸರಿ ಕಾಣುವುದಿಲ್ಲ.

ವಾರಸುದಾರರು ಒಪ್ಪಿದರೆ ಅಷ್ಟು ಕಾಯಬೇಕಿಲ್ಲವೇನೋ ಅಂತ ಮೇಷ್ಟ್ರ ಮೊಮ್ಮಗಳನ್ನು ಹುಡುಕಿ ಮಾತಾಡಿದೆ. ಸಂತೋಷದಿಂದ ಒಪ್ಪಿದರು, ಬರೆದುಕೊಡಲೂ ತಯಾರು. ಆದರೆ ಬೇರೆ ಮೊಮ್ಮಕ್ಕಳೂ ಇದ್ದಾರೆ, ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ.

ಇದನ್ನು ಮಾಡಿದವರು ದಯವಿಟ್ಟು ಹೇಳಿ: ಈ ಮೊಮ್ಮಗಳೊಬ್ಬರೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ (ಎಲ್ಲರೂ ಬಳಸಿ ಹಂಚಬಹುದು ಅನ್ನೋ ಮುಕ್ತ ಅನುಮತಿ) ಒಪ್ಪಿ ಇಮೇಲ್ ಕಳಿಸಿದರೆ ಸಾಕಾ, ಇಲ್ಲಾ ವಾರಸುದಾರರೆಲ್ಲರ ಒಪ್ಪಿಗೆ ಬೇಕಾ?