ಮುಖ ನೋಡಿ ಮಣೆ ಹಾಕಿದೆ

ಪ್ರಶ್ನೆ:
ಆರು ವರ್ಷದಿಂದ ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವ ಸೇವೆ ನನ್ನದು. ಹೋದ ಭಾನುವಾರ ಮಾಸಿದ ಬಟ್ಟೆಯ ಹಿರಿಯರೊಬ್ಬರು ಮೊದಲ ಸಲ ಬಂದರು. ಏನೂ ಯೋಚಿಸದೆ ಕೊನೆಯ ಬೆಂಚಿನತ್ತ ಕೈ ತೋರಿಸಿದೆ. ಎರಡೇ ನಿಮಿಷಕ್ಕೆ ಒಳ್ಳೆ ಉಡುಪಿನ ದಂಪತಿ ಬಂದರು, ಅವರೂ ಹೊಸಬರೇ. ಅವರನ್ನು ಮುಂದಿನ ಸಾಲಿನ ತನಕ ನಾನೇ ಕರೆದುಕೊಂಡು ಹೋದೆ. ಹೀಗೆ ಮಾಡು ಅಂತ ಯಾರೂ ಹೇಳಿರಲಿಲ್ಲ.

ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ (ಅವನು ಬರೆದ ಪತ್ರದ) 2ನೇ ಅಧ್ಯಾಯ ನೆನಪಾಗಿ ಎದೆ ಧಸಕ್ಕೆಂದಿತು. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಕೊಳೆ ಬಟ್ಟೆಯವನಿಗೆ ‘ಅಲ್ಲೇ ನಿಂತುಕೋ’. ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಹೀಗೆ ಮಾಡಿದ್ದೇನೋ. ಈ ಸೇವೆ ಬಿಟ್ಟುಬಿಡಲೇ?

ಉತ್ತರ 1:
ಬಿಡಬೇಡಿ. ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಯೆಹೂದ್ಯನಲ್ಲದ ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ದೇವರು ಪಕ್ಷಪಾತಿಯಲ್ಲ ಅಂತ ಬಾಯಾರೆ ಹೇಳಿದವನು ಅವನೇ. ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಕೂತು ಉಣ್ಣುತ್ತಿದ್ದವನು, ಅಂಥ ಊಟ ಒಪ್ಪದ ಯೆಹೂದ್ಯರು ಯಾಕೋಬನ ಕಡೆಯಿಂದ ಬಂದದ್ದೇ ತಡ, ಹೆದರಿ ಹಿಂದೆ ಸರಿದ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಜಾರಿದ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತಡೆದು ಕೇಳಿದ (ಗಲಾತ್ಯದವರಿಗೆ ಪೌಲ ಬರೆದ ಪತ್ರ, ಅಧ್ಯಾಯ 2). ಆದರೆ ಪೇತ್ರ ಅಪೊಸ್ತಲನಾಗಿಯೇ ಉಳಿದ. ನಿಮಗೆ ನಿಮ್ಮ ಮನಸ್ಸೇ ಪೌಲನಾಗಿ ಎದುರು ನಿಂತಿದೆ.

ಉತ್ತರ 2:
ಪಕ್ಷಪಾತಕ್ಕೆ ಯಾಕೋಬ ಬಳಸಿದ ಗ್ರೀಕ್ ಪದದ ಅಕ್ಷರಾರ್ಥ ‘ಮುಖ ಹಿಡಿಯುವುದು’. ನಮ್ಮ ಮುಖದಾಕ್ಷಿಣ್ಯ ಅಂತಲೇ ಅನ್ನಿ. ಆದರೆ ಒಂದು ಮಾತು: ಪಶ್ಚಾತ್ತಾಪದ ಭರದಲ್ಲಿ ಆ ಹಿರಿಯರನ್ನು ಎಲ್ಲರೆದುರು ಮೊದಲ ಸಾಲಿಗೆ ಎಳೆದುಕೊಂಡು ಹೋಗಬೇಡಿ. ಅವರಿಗೆ ಮುಜುಗರವಾಗುತ್ತದೆ, ಸಮಾಧಾನ ಸಿಗುವುದು ನಿಮಗೆ ಮಾತ್ರ. ನ್ಯಾಯ ತೀರಿಸುವಾಗ ಬಡವನ ಪಕ್ಷವನ್ನೂ ಹಿಡಿಯಬೇಡ ಎನ್ನುತ್ತದೆ ಬೈಬಲಿನ ಯಾಜಕಕಾಂಡ 19:15. ‘ಎಲ್ಲಿ ಕೂರಲು ಇಷ್ಟ?’ ಅಂತ ಕೇಳಿ. ಬಂದ ಎಲ್ಲರನ್ನೂ ಹಾಗೇ ಕೇಳಿ.

ಉತ್ತರ 3:
ಫಿಲೆಮೋನನಿಗೆ ಪೌಲ ಬರೆದ ಪತ್ರ ಓದಿ, ಒಂದೇ ಅಧ್ಯಾಯ. ದಾಸ ಒನೇಸಿಮನನ್ನು ಅವನ ಯಜಮಾನ ಫಿಲೆಮೋನನ ಬಳಿಗೆ ಕಳಿಸುವಾಗ ಪೌಲ ಕೇಳಿಕೊಳ್ಳುವುದು, ನನ್ನನ್ನು ಹೇಗೆ ಸೇರಿಸಿಕೊಳ್ಳುತ್ತೀಯೋ ಹಾಗೆ ಇವನನ್ನೂ ಸೇರಿಸಿಕೋ ಅಂತ. ಬಾಗಿಲಲ್ಲಿ ನಿಲ್ಲುವವರಿಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಸೇವೆ ಬಿಡುವುದಿಲ್ಲ. ನಿಮ್ಮ ಮಾತು ಓದುತ್ತಿದ್ದಾಗ ಇನ್ನೊಂದು ಹೊಳೆಯಿತು: ಆ ದಂಪತಿಯ ಹೆಸರು, ಕೆಲಸ ಎಲ್ಲ ವಿಚಾರಿಸಿದ್ದೆ. ಆ ಹಿರಿಯರ ಹೆಸರನ್ನೇ ಕೇಳಿರಲಿಲ್ಲ. ಈ ಭಾನುವಾರ ಅರ್ಧ ಗಂಟೆ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಅವರು ಬಂದರೆ ಸಾಕು.